ಬಸ್ ಸ್ಟಾಪಿನಿಂದ ಮನೆಗೆ ಐನೂರ ಹನ್ನೆರಡು ಮೀಟರ್

ಅಂಗಡಿಯಿಂದ (ಮೇಲಿನ ಮನೆಯಿಂದಲ್ಲ, ಯಾಕೆ ಎಂದು ಮುಂದೆ ಹೇಳುತ್ತೇನೆ)
ಹದಿನಾಲ್ಕನೇ ತಾರೀಖು, ಭಾನುವಾರ, ಬೆಳಗಿನ ಕಾಫಿ ಆದಮೇಲೆ

ಪ್ರೀತಿಯ ನನ್ನ ಮನೆಯೊಡತಿಗೆ,

ಹೇಗಿದ್ದೀಯ? ಮಗಳ ಊರಿನ ಆಸ್ಪತ್ರೆಯಲ್ಲಿ ನಿದ್ದೆ ಸರಿಯಾಗಿ ಬರುತ್ತಿದೆಯಾ? ಮಾತ್ರೆಗಳನ್ನು ಹೊತ್ತುಹೊತ್ತಿಗೆ ನುಂಗುತ್ತಿದ್ದೀಯೋ, ಇಲ್ಲಿ ಮಾಡುತ್ತಿದ್ದ ಹಾಗೆ ದಿಂಬಿನ ಕವರಿನೊಳಗೆ ಕೂಡಿಡುತ್ತಿದ್ದೀಯೋ? ಸೊಂಟದ ಗಾಯ ಪೂರ್ತಿ ಒಣಗಿದೆ ಎಂದು ಮಗಳು ಹೇಳಿದಳು. ಆಪರೇಷನ್ ಆದ ವಾರ ಬ್ಯಾಂಡೇಜು ಬದಲಾಯಿಸುವಾಗ ಆ ಮೂಳೆ ಡಾಕ್ಟರ ಹೊಲಿಗೆಯನ್ನು ನಾನು ಬಗ್ಗಿ ನೋಡಿದ್ದೆ, ನಿನಗೆ ಹೇಳಿರಲಿಲ್ಲ. ಅಂತರ ಒಂದೇ ಸಮ ಇರಲಿಲ್ಲ, ಮೂರನೆಯ ಹೊಲಿಗೆ ಸ್ವಲ್ಪ ಓರೆ, ಆದರೆ ಬಿಗಿ ಚೆನ್ನಾಗಿತ್ತು. ಬಿಚ್ಚಿಕೊಳ್ಳುವ ಹೊಲಿಗೆಯಲ್ಲ ಅದು, ಧೈರ್ಯವಾಗಿರು. ನಲವತ್ತು ವರ್ಷ ಹೊಲಿದವನ ಮಾತು.

ಫೋನು ಇರುವಾಗ ಈ ಮನುಷ್ಯ ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದು ನೀನು ಹುಬ್ಬು ಗಂಟು ಹಾಕುತ್ತೀಯ, ನನಗೆ ಗೊತ್ತು. ನಾಲ್ಕು ದಿನದಿಂದ ಫೋನ್ ಮಾಡಿದಾಗಲೆಲ್ಲ ನೀನು ಹೇಳುವುದು ಒಂದೇ: "ಹೂಂ. ಊಟ ಆಯ್ತು. ಇಡ್ತೀನಿ." ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಒಬ್ಬರಿಂದೊಬ್ಬರಿಗೆ ಮುಟ್ಟಿಸಿದವಳು ನೀನು, ಕಟ್ಟಿಕೊಂಡ ಗಂಡನಿಗೆ ನಾಲ್ಕು ಮಾತು ಕೊಟ್ಟು ಲೈನ್ ಕಟ್ ಮಾಡುತ್ತೀಯ. ಕಾಗದವನ್ನಾದರೆ ಕಟ್ ಮಾಡಲಾಗುವುದಿಲ್ಲ. ಹರಿದು ಹಾಕಬಹುದು, ಆದರೆ ಓದದೆ ಹರಿಯುವಷ್ಟು ಗಟ್ಟಿ ಮನಸ್ಸು ನಿನಗಿಲ್ಲ. ಜೊತೆಗೆ ಲಕೋಟೆಯಲ್ಲಿ ಇನ್ನೆರಡು ಸಾಮಾನು ಇವೆ. ಕಾಗದ ಪೂರ್ತಿ ಓದುವವರೆಗೆ ಅವನ್ನು ಮುಟ್ಟಬೇಡ. ಆಗಲೇ ತೆಗೆದು ನೋಡಿರುತ್ತೀಯ, ಇರಲಿ.

ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಅದು ಪದ್ಧತಿ. ನಿಜ ಹೇಳಬೇಕೆಂದರೆ ಚೆನ್ನಾಗಿಲ್ಲ. ನೀನಿಲ್ಲದೆ ಎರಡು ತಿಂಗಳಾಯಿತು, ಮನೆಯಲ್ಲಿ ಗೋಡೆ ಗಡಿಯಾರದ ಜೊತೆ ಜಗಳ ಆಡುವ ಸ್ಥಿತಿಗೆ ಬಂದಿದ್ದೇನೆ. ಅಡುಗೆಮನೆಯ ನಲ್ಲಿ ಸೋರುತ್ತಿದೆ. ನೀನು ಎಲ್ಲಿಟ್ಟಿದ್ದೀಯೋ, ದೊಡ್ಡ ಕತ್ತರಿ ಸಿಗುತ್ತಿಲ್ಲ. (ಸಿಕ್ಕಿತು. ನನ್ನ ಕೈಕೆಳಗೇ ಇತ್ತು.) ಒಂದು ದೊಡ್ಡ ಸುದ್ದಿ ಏನೆಂದರೆ, ಮೇಲಿನ ಮನೆಯ ಮಂಚವನ್ನು ಬಿಚ್ಚಿ ಕೆಳಗೆ ಅಂಗಡಿಗೆ ತಂದಿದ್ದೇನೆ. ಕಟಿಂಗ್ ಮೇಜು ಗೋಡೆಯ ಕಡೆಗೆ ಹೋಗಿದೆ, ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ ನಿನ್ನ ಮಂಚ. ಟ್ರಯಲ್ ರೂಮಿನ ಪರದೆಯನ್ನು ಅದರ ಸುತ್ತ ಎಳೆದುಕೊಳ್ಳುವ ಹಾಗೆ ಕಂಬಿ ಹಾಕಿಸಿದ್ದೇನೆ. ನೀನು ಜಾರಿ ಬಿದ್ದ ಆ ಹಾಳು ಮೆಟ್ಟಿಲನ್ನು ನೀನು ಮತ್ತೆ ಹತ್ತುವ ಮಾತೇ ಇಲ್ಲ. ಗಿರಾಕಿಗಳು ಏನಂದುಕೊಳ್ಳುತ್ತಾರೆ ಎಂದು ಕೇಳಬೇಡ. ಅಂದುಕೊಳ್ಳಲಿ. ಈಗ ಅದೇ ಮಂಚದ ತುದಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ, ಒಂದು ತಪ್ಪು ಒಪ್ಪಿಕೊಳ್ಳಬೇಕು. ಅದು ಆ ಏಳು ಕಿಲೋಮೀಟರಿನ ವಿಷಯ.

ಮಗಳು ನಮ್ಮಿಬ್ಬರಿಗೂ ಕೈಗೆ ಕಟ್ಟಿಕೊಳ್ಳುವ ಆ ಕಪ್ಪು ಬ್ಯಾಂಡು ತಂದುಕೊಟ್ಟಾಗ ನೀನು ಎಷ್ಟು ಖುಷಿಪಟ್ಟಿದ್ದೆ. "ಹೆಜ್ಜೆ ಎಣಿಸುತ್ತೆ, ದೂರ ಹೇಳುತ್ತೆ, ಇಬ್ಬರದ್ದೂ ನನ್ನ ಫೋನಲ್ಲಿ ಕಾಣುತ್ತೆ" ಎಂದಿದ್ದಳು. ಮೂಳೆ ಡಾಕ್ಟರು ಅದನ್ನೇ ಹಿಡಿದುಕೊಂಡರು. ವಾಹನ ನಿಲ್ಲುವ ಕಡೆಯಿಂದ ನಿಮ್ಮ ಮನೆಗೆ ಎಷ್ಟು ದೂರ ಎಂದು ಕೇಳಿದರು, ನಮ್ಮ ಓಣಿಯೊಳಗೆ ಸೈಕಲ್ಲಿಗಿಂತ ದೊಡ್ಡದು ನುಗ್ಗುವುದಿಲ್ಲವಲ್ಲ. ಮಗಳು "ಅರ್ಧ ಕಿಲೋಮೀಟರ್ ಇರಬಹುದು" ಎಂದಳು. ಹಾಗಾದರೆ ಬ್ಯಾಂಡಿನಲ್ಲಿ ದಿನಕ್ಕೆ ಐನೂರು ಮೀಟರಿನಂತೆ ಏಳು ದಿನ ಬರಲಿ, ಆಮೇಲೆ ಮನೆಗೆ ಕಳಿಸುವ ಯೋಚನೆ, ಬರದಿದ್ದರೆ ಆ ಮನೆಯ ಆಸೆ ಬಿಡಿ ಎಂದರು. ಇಪ್ಪತ್ನಾಲ್ಕನೇ ತಾರೀಖು ನೋಡುತ್ತಾರಂತೆ. ಬರದಿದ್ದರೆ ಏನು ಮಾಡುವುದೆಂದು ಮಗಳು ಆಗಲೇ ಎಲ್ಲ ಯೋಚಿಸಿಟ್ಟಿದ್ದಾಳೆ. ಅವಳ ಮನೆಗೆ ಲಿಫ್ಟ್ ಇದೆ, ನಿನಗೊಂದು ರೂಮಿದೆ, ಪಕ್ಕದ ಬಟ್ಟೆ ಅಂಗಡಿಯಲ್ಲಿ ನನಗೆ ಆಲ್ಟರೇಷನ್ ಕೌಂಟರು ಕೊಡಿಸುತ್ತಾಳಂತೆ. ಆಲ್ಟರೇಷನ್! ಬೇರೆಯವರು ಕೆಡಿಸಿದ ಪ್ಯಾಂಟಿನ ಕಾಲು ಮಡಿಸಿಕೊಂಡು ಕೂರುವುದು! ಅವಳ ಮೇಲೆ ಕೋಪವಿಲ್ಲ, ಪ್ರೀತಿಗೇ ಹೇಳುತ್ತಾಳೆ. ಆದರೆ ಆ ಮಾತು ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ.

ಹೋದ ಮಂಗಳವಾರ ಏನಾಯಿತೆಂದರೆ, ಹೋಟೆಲಿನವರ ಹದಿನೆಂಟು ಕೋಟು ಕೊಡಬೇಕಿತ್ತು. ಒಂದೊಂದಕ್ಕೆ ಎಂಟು ಗುಂಡಿ. ಬೆಳಗ್ಗೆಯಿಂದ ಸಂಜೆಯವರೆಗೆ ಸ್ಟೂಲು ಬಿಟ್ಟು ಏಳದೆ ನೂರನಲವತ್ನಾಲ್ಕು ಗುಂಡಿ ಕೈಯಿಂದ ಹೊಲಿದೆ. ಸೂಜಿ ಚುಚ್ಚು, ದಾರ ಎಳೆ, ಕೈ ಮೇಲೆತ್ತು, ಮತ್ತೆ ಚುಚ್ಚು. ಸಂಜೆ ಐದರ ಹೊತ್ತಿಗೆ ಮಣಿಕಟ್ಟಿನ ಮೇಲೆ ಬ್ಯಾಂಡು ಗುರ್ ಎಂದು ನಡುಗಿತು. ನೋಡಿದರೆ ಪುಟ್ಟ ಪರದೆಯಲ್ಲಿ ಬಣ್ಣದ ಚುಕ್ಕಿಗಳು ಸಿಡಿಯುತ್ತಿವೆ, ಹತ್ತು ಸಾವಿರ ಹೆಜ್ಜೆ, ಏಳು ಕಿಲೋಮೀಟರ್ ನೂರು ಮೀಟರ್! ನಾನು ಅವತ್ತು ನಡೆದದ್ದು ಬಚ್ಚಲಿಗೆ ಮೂರು ಸಲ. ಅಷ್ಟರಲ್ಲಿ ಮಗಳ ಫೋನು ಬಂತು. "ಅಪ್ಪಾ! ಏಳು ಕಿಲೋಮೀಟರಾ! ಈ ವಯಸ್ಸಲ್ಲಿ! ಶಭಾಷ್!" ಅಂದಳು. ಗುಂಡಿ ಹೊಲಿದೆ ಮಗಳೇ ಎಂದು ಹೇಳಬೇಕಿತ್ತು, ಬಾಯಿಯವರೆಗೂ ಬಂದಿತ್ತು. ಆದರೆ ನೋಡು, ಅವಳು ನನ್ನನ್ನು ಹೊಗಳಿ ಎಷ್ಟು ಕಾಲವಾಗಿತ್ತು. "ಏನೋ, ಹಾಗೇ ಸ್ವಲ್ಪ ಓಡಾಡಿದೆ" ಎಂದುಬಿಟ್ಟೆ.

ಅವಳು ಅದನ್ನು ತಂದು ನಿನಗೆ ಹೇಳುತ್ತಾಳೆ ಎಂದು ನನಗೆ ಹೊಳೆಯಲೇ ಇಲ್ಲ. ಅಪ್ಪ ಏಳು ಕಿಲೋಮೀಟರ್ ನಡೆದಿದ್ದಾರೆ, ನೀನು ನಲವತ್ತು ಮೀಟರ್ ನಡೆದಿದ್ದೀಯ, ಸ್ವಲ್ಪ ಪ್ರಯತ್ನ ಮಾಡಮ್ಮ ಎಂದು ಹುರಿದುಂಬಿಸಲು ಹೇಳಿದಳಂತೆ. ನೀನು ಅವತ್ತು "ಬೆಳಗ್ಗೆಯಿಂದ ಕಾರಿಡಾರಲ್ಲಿ ಹನ್ನೆರಡು ಸುತ್ತು ಹಾಕಿದ್ದೀನಿ ಕಣೇ, ಇದು ನಲವತ್ತು ಅಂತಿದೆ. ಇನ್ನು ನನ್ನ ಕೈಲಾಗಲ್ಲ. ಆ ಅಂಗಡಿ ಮಾರೋಕೆ ಹೇಳು" ಎಂದೆಯಂತೆ. ಮಾರನೆಯ ದಿನದಿಂದ ವಾಕರ್ ಮುಟ್ಟಿಲ್ಲ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದೀಯ ಎಂದು ಮಗಳು ಅಳುತ್ತಾ ಹೇಳಿದಳು. ನಾನು ಕೂತಲ್ಲೇ ಗುಂಡಿ ಹೊಲಿದು ನಿನ್ನನ್ನು ಮಲಗಿಸಿಬಿಟ್ಟೆನಲ್ಲ! ಆ ಏಳು ಕಿಲೋಮೀಟರು ಶುದ್ಧ ಸುಳ್ಳು ಕಣೇ. ಮಗಳಿಗೂ ಗುರುವಾರವೇ ಹೇಳಿದ್ದೇನೆ. ಅವಳು "ಅಪ್ಪಾ, ನೀವು ದೊಡ್ಡವರಾಗೋದು ಯಾವಾಗ?" ಎಂದಳು.

ಆದರೆ ಆವತ್ತೇ ನನಗೆ ಅನುಮಾನ ಹುಟ್ಟಿತು. ಕೂತವನಿಗೆ ಏಳು ಕಿಲೋಮೀಟರ್ ಕೊಡುವ ಸಾಮಾನು, ನಡೆದವಳಿಗೆ ನಲವತ್ತು ಮೀಟರ್ ಕೊಟ್ಟರೆ ಅದನ್ನು ನಂಬುವುದು ಹೇಗೆ? ಟೇಪಿನ ಮೇಲೆ ಅನುಮಾನ ಬಂದರೆ ಟೇಲರು ಮಾಡುವ ಮೊದಲ ಕೆಲಸ, ಅದನ್ನು ಬೇರೆ ಟೇಪಿನ ಪಕ್ಕ ಇಟ್ಟು ನೋಡುವುದು. ಹಾಗಾಗಿ ನಮ್ಮ ಓಣಿಯನ್ನು ಅಳೆಯಲು ತೀರ್ಮಾನಿಸಿದೆ. ಅಳೆಯಲೇಬೇಕಿತ್ತು ಕೂಡ. ಮಗಳು ಅರ್ಧ ಕಿಲೋಮೀಟರ್ ಎನ್ನುತ್ತಾಳೆ, ಬ್ಯಾಂಡು ಆರುನೂರ ಆರು ಮೀಟರ್ ಎನ್ನುತ್ತದೆ, ನಮ್ಮ ಅರ್ಧಮೈಲಿ ಅಣ್ಣನಂತೂ ಎದೆ ತಟ್ಟಿ "ಅರ್ಧ ಮೈಲಿಗೆ ಒಂದಂಗುಲ ಕಮ್ಮಿ ಇದ್ರೆ ನನ್ನ ಮೀಸೆ ಬೋಳಿಸು" ಎನ್ನುತ್ತಾನೆ. ಮೂವತ್ತೈದು ವರ್ಷ ಈ ಓಣಿಗಳಲ್ಲಿ ಟಪಾಲು ಹಂಚಿ ನಿವೃತ್ತನಾದ ಮನುಷ್ಯನಿಗೆ ಬಸ್ ಸ್ಟಾಪೂ ಅರ್ಧ ಮೈಲಿ, ಆಸ್ಪತ್ರೆಯೂ ಅರ್ಧ ಮೈಲಿ, ಪಕ್ಕದ ಊರೂ ಅರ್ಧ ಮೈಲಿಯೇ. ಅರ್ಧ ಮೈಲಿ ಎಂದರೆ ಎಂಟುನೂರು ಮೀಟರ್. ಅವನ ಮಾತು ನಿಜವಾಗಿದ್ದರೆ ನಿನಗೆ ಐನೂರು ಸಾಕಾಗುತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ನಾನೂ ಅವನೂ ಬಸ್ ಸ್ಟಾಪಿನ ಕಂಬದಿಂದ ಶುರುಮಾಡಿದೆವು. ನನ್ನ ಟೇಪು ಒಂದೂವರೆ ಮೀಟರ್. ಅವನು ಒಂದು ತುದಿ ಹಿಡಿದು ಕುಕ್ಕರಗಾಲಲ್ಲಿ ಕೂರುವುದು, ನಾನು ಇನ್ನೊಂದು ತುದಿಯಲ್ಲಿ ಬಳಪದಿಂದ ಗೀಟು ಎಳೆಯುವುದು, ಅವನು ಎದ್ದು ಆ ಗೀಟಿಗೆ ಬಂದು ಮತ್ತೆ ಕೂರುವುದು. ಇಪ್ಪತ್ತು ಸಲಕ್ಕೆ ಅವನ ಮಂಡಿ ಲಟಕ್ ಎನ್ನತೊಡಗಿತು, ನಲವತ್ತು ಸಲಕ್ಕೆ ನನ್ನ ಬೆನ್ನು. ಓಣಿಯವರು ನೋಡಿದರು. ಟೇಪು, ಬಳಪ, ಇಬ್ಬರು ಮುದುಕರು ಗಂಭೀರವಾಗಿ ಎಣಿಸುತ್ತಿರುವುದು. ಅರ್ಧ ಗಂಟೆಯಲ್ಲಿ ರಸ್ತೆ ಅಗಲ ಮಾಡುತ್ತಾರಂತೆ ಎಂಬ ಸುದ್ದಿ ಓಣಿಯ ಈ ತುದಿಯಿಂದ ಆ ತುದಿಗೆ ಹಬ್ಬಿತು. ಕ್ಷೌರದಂಗಡಿಯವನು ಅರ್ಧ ಕತ್ತರಿಸಿದ ತಲೆಯನ್ನು ಹಾಗೇ ಬಿಟ್ಟು ಓಡಿಬಂದು, ಹೊರಗಿದ್ದ ಬೆಂಚನ್ನು ಒಳಗೆಳೆದುಕೊಂಡ. ಬೀಗ ರಿಪೇರಿಯವನು ರಸ್ತೆಗೆ ಚಾಚಿದ್ದ ಬೋರ್ಡು ಇಳಿಸಿ, ಅದರ ಮೇಲೆ ತಾನೇ ಕೂತುಬಿಟ್ಟ. "ಎಷ್ಟಡಿ ಹೋಗುತ್ತೆ ಸ್ವಾಮಿ ನನ್ನದು?" ಎಂದು ನನ್ನನ್ನು ಕೇಳುತ್ತಾನೆ! ಹದಿನೈದು ವರ್ಷದಿಂದ ನನ್ನ ಹತ್ತಿರವೇ ಷರ್ಟು ಹೊಲಿಸುವವನು, ನನಗೆ ಸ್ವಾಮಿ ಎನ್ನುತ್ತಾನೆ. ಇದು ನಮ್ಮವಳ ಕಾಲಿನ ಲೆಕ್ಕ ಕಣಯ್ಯಾ ಎಂದರೂ ನಂಬಲಿಲ್ಲ. ಕೊನೆಗೆ ಅರ್ಧಮೈಲಿ ಅಣ್ಣ ನಾಲ್ಕು ಜನರ ಮುಂದೆ ಎಲ್ಲ ವಿವರಿಸಿದ ಮೇಲೆ ಅವರೇ ನಮ್ಮ ಜೊತೆ ಟೇಪು ಹಿಡಿಯಲು ಬಂದರು. ನೀನು ಹೇಗಿದ್ದೀಯ ಎಂದು ಎಲ್ಲರೂ ಕೇಳಿದರು. ಕ್ಷೌರದಂಗಡಿಯವನು ನೀನು ಬರುವ ದಿನ ಬೆಂಚನ್ನು ಮತ್ತೆ ಹೊರಗೆ ಹಾಕುತ್ತಾನಂತೆ, ನಡುವೆ ಕೂತು ಸುಧಾರಿಸಿಕೊಳ್ಳಲು.

ಲೆಕ್ಕ ಹೀಗಾಯಿತು: ಮುನ್ನೂರ ನಲವತ್ತೊಂದು ಟೇಪು, ಮೇಲೆ ಅರ್ಧ ಮೀಟರು. ಕಂಬದಿಂದ ನಮ್ಮ ಹೊಸ್ತಿಲಿಗೆ ಐನೂರ ಹನ್ನೆರಡು ಮೀಟರ್. ಅರ್ಧಮೈಲಿ ಅಣ್ಣ ಇನ್ನೂ ಮೀಸೆ ಬೋಳಿಸಿಲ್ಲ. ಟೇಪು ಹಿಗ್ಗಿದೆ ಎಂದು ವಾದ ಮಾಡುತ್ತಿದ್ದಾನೆ.

ಆಮೇಲೆ ಅದೇ ಓಣಿಯನ್ನು ಹೆಜ್ಜೆ ಎಣಿಸುತ್ತಾ ನಡೆದೆ, ಎಂಟುನೂರ ಐವತ್ಮೂರು ಹೆಜ್ಜೆ. ಅಷ್ಟು ಹೆಜ್ಜೆಗೆ ಐನೂರ ಹನ್ನೆರಡು ಮೀಟರ್ ಎಂದರೆ ಒಂದು ಹೆಜ್ಜೆ ಅರವತ್ತು ಸೆಂಟಿಮೀಟರ್. ಬ್ಯಾಂಡಿನೊಳಗೆ ನನ್ನ ಹೆಜ್ಜೆ ಎಪ್ಪತ್ತೊಂದು ಎಂದಿತ್ತು. ನನ್ನನ್ನು ಯಾರು ಅಳೆದರು, ಯಾವಾಗ ಅಳೆದರು? ಮಗಳನ್ನು ಕೇಳಿದರೆ, ಎತ್ತರ ಹಾಕಿದರೆ ಅದೇ ಅಂದಾಜು ಮಾಡುತ್ತದಂತೆ. ಕೇಳಿ ಮೈಯೆಲ್ಲ ಉರಿಯಿತು. ಇದು ರೆಡಿಮೇಡ್ ಅಂಗಡಿಯ ಬುದ್ಧಿ ಅಲ್ಲವೇನೇ? ಎತ್ತರ ಇಷ್ಟಿದ್ದರೆ ತೋಳು ಇಷ್ಟಿರಬೇಕು, ಹೊಟ್ಟೆ ಇಷ್ಟಿರಬೇಕು ಎಂದು ಅವರೇ ತೀರ್ಮಾನ ಮಾಡುವುದು! ಒಬ್ಬೊಬ್ಬರ ಮೈ ಮುಟ್ಟಿ ಅಳೆಯದೆ ನಾನು ಒಂದು ಕಾಲರನ್ನೂ ಕತ್ತರಿಸಿದವನಲ್ಲ. ಹೆಜ್ಜೆಯ ಉದ್ದವನ್ನು ನಾವೇ ಹಾಕಲು ಜಾಗ ಇದೆ ಎಂದು ಮಗಳು ಫೋನಿನಲ್ಲಿ ತೋರಿಸಿಕೊಟ್ಟಳು, ನಾನೇ ಹಾಕಿದೆ. ಮತ್ತೆ ಓಣಿ ನಡೆದೆ. ಐನೂರ ನಲವತ್ತಾರು ಮೀಟರ್ ತೋರಿಸಿತು. ಮೂವತ್ತನಾಲ್ಕು ಮೀಟರ್ ಜಾಸ್ತಿ! ಮತ್ತೆ ನಡೆದೆ, ಅದೇ. ತಲೆ ಕೆಟ್ಟುಹೋಯಿತು. ಈ ಬ್ಯಾಂಡು ಕಳ್ಳ ಎಂದು ಬೈದು ಮೇಜಿನ ಮೇಲೆ ಕುಕ್ಕಿದೆ. ಅರ್ಧಮೈಲಿ ಅಣ್ಣ ಕನ್ನಡಕ ಏರಿಸಿಕೊಂಡು ಫೋನು ನೋಡಿ "ಏನಯ್ಯಾ, ಅರವತ್ತು ಅಂದೆ, ಇಲ್ಲಿ ಅರವತ್ನಾಲ್ಕು ಹೊಡೆದಿದ್ದೀಯ" ಎಂದ. ನಗಬೇಡ. ಬಾಯಲ್ಲಿ ಅರವತ್ತು ಎಂದುಕೊಂಡು, ನಲವತ್ತು ವರ್ಷದ ಕೈ ತನ್ನಷ್ಟಕ್ಕೆ ತಾನೇ ನಾಲ್ಕು ಸೆಂಟಿಮೀಟರ್ ಸೇರಿಸಿಬಿಟ್ಟಿತ್ತು. ಒಳಗೆ ಮಡಿಸಲು ಬಟ್ಟೆ ಬಿಡುವ ಮಾರ್ಜಿನ್ನು! ನಾಳೆ ದಪ್ಪಗಾದರೆ ಬಿಚ್ಚಿಕೊಳ್ಳಲಿ ಎಂದು ಹೆಜ್ಜೆಗೂ ಬಟ್ಟೆ ಬಿಟ್ಟಿದ್ದೇನೆ. ಆ ಮನುಷ್ಯ ನಕ್ಕು ನಕ್ಕು ಸ್ಟೂಲಿನಿಂದ ಜಾರಿದ. ಅರವತ್ತು ಎಂದು ತಿದ್ದಿ ನಡೆದೆ. ಐನೂರ ಹನ್ನೆರಡು, ಕೂದಲೆಳೆ ಕೂಡ ಹೆಚ್ಚುಕಮ್ಮಿ ಇಲ್ಲ.

ಸರಿ, ನನ್ನದು ಸರಿಹೋಯಿತು. ನಿನ್ನದು ಸರಿಹೋಗಲಿಲ್ಲ. ಹೆಜ್ಜೆಯ ಉದ್ದದಲ್ಲಿ ಹತ್ತು ಇಪ್ಪತ್ತು ಸೆಂಟಿಮೀಟರ್ ತಪ್ಪಿದರೆ ಹನ್ನೆರಡು ಸುತ್ತು ಹೋಗಿ ನಲವತ್ತು ಮೀಟರ್ ಆಗುವುದಿಲ್ಲ. ಅದೇ ಯೋಚನೆಯಲ್ಲಿ ಶುಕ್ರವಾರ ಸಂಜೆ ಒಂದು ಕೋಟಿನ ಎಡತೋಳನ್ನು ಬಲಕ್ಕೆ ಹಚ್ಚಿದೆ.

ಉತ್ತರ ನಿನ್ನೆ ಸಿಕ್ಕಿತು, ಟ್ರಯಲ್ ರೂಮಿನ ಕನ್ನಡಿಯಲ್ಲಿ. ಮಂಚ ಇಳಿಸುವಾಗ ಆ ನಿಲುಗನ್ನಡಿಯ ಚೌಕಟ್ಟು ಬಿಟ್ಟುಕೊಂಡಿತ್ತು, ಬಸ್ ಸ್ಟಾಪಿನ ಹತ್ತಿರದ ಬಡಗಿಗೆ ಕೊಡಬೇಕಿತ್ತು. ನಾನು ಮುಂದೆ ಹಿಂದುಹಿಂದಕ್ಕೆ ನಡೆಯುತ್ತಾ, ಅರ್ಧಮೈಲಿ ಅಣ್ಣ ಹಿಂದೆ, ಇಬ್ಬರೂ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಗೇಣುಗೇಣು ಹೆಜ್ಜೆ ಇಡುತ್ತಾ ಹೊರಟೆವು. ಕ್ಷೌರದಂಗಡಿಯ ಮುಂದೆ ಕೆಳಗಿಟ್ಟು ಉಸಿರು ಬಿಟ್ಟೆವು. ಅಷ್ಟು ಹೊತ್ತಿಗೆ ನಾನೂರು ಮೀಟರ್ ಆಗಿತ್ತು. ಬ್ಯಾಂಡು ನೋಡಿಕೊಂಡರೆ ಹನ್ನೊಂದು ಹೆಜ್ಜೆ! "ಮಿಕ್ಕಿದ್ದು ಹಾರ್ಕೊಂಡು ಬಂದ್ವಾ?" ಎಂದ ಅರ್ಧಮೈಲಿ ಅಣ್ಣ. ನಾನು ಮತ್ತೆ ಎತ್ತಲು ಬಗ್ಗಿದ್ದೆ. ಎದುರಿಗೆ ಕನ್ನಡಿಯಲ್ಲಿ ನನ್ನ ಎರಡು ಕೈ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿರುವುದು ಕಾಣುತ್ತಿತ್ತು. ಮಗಳು ಕಳಿಸಿದ ಫೋಟೋದಲ್ಲಿ ನೀನು ವಾಕರ್ ಹಿಡಿದು ನಿಂತಿದ್ದೀಯಲ್ಲ, ಥೇಟ್ ಅದೇ ಕೈ. ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು ಬಿಗಿ. ಎಡ ಮಣಿಕಟ್ಟಿನ ಮೇಲೆ ಅದೇ ಕಪ್ಪು ಬ್ಯಾಂಡು. ಓಣಿಯ ಮಧ್ಯದಲ್ಲೇ ಕೂಗಿಕೊಂಡೆ, ಇದು ಕಾಲು ಎಣಿಸುತ್ತಿಲ್ಲ ಕಣೋ, ಕೈ ಎಣಿಸುತ್ತಿದೆ ಎಂದು.

ಗೊತ್ತಾಯಿತಲ್ಲ? ಕೈ ಬೀಸಿದರೆ ಅದಕ್ಕೆ ಹೆಜ್ಜೆ. ಅದಕ್ಕೇ ಗುಂಡಿ ಹೊಲಿದವನಿಗೆ ಏಳು ಕಿಲೋಮೀಟರ್. ವಾಕರ್ ಹಿಡಿದರೆ ಕೈ ಅಲ್ಲಾಡುವುದಿಲ್ಲ, ಅದಕ್ಕೇ ನಿನಗೆ ನಲವತ್ತು. ಆ ನಲವತ್ತು ಕೂಡ ನಡೆದದ್ದಕ್ಕೆ ಬಂದಿರಲಾರದು, ನಡುನಡುವೆ ನಿಂತು ಯಾರಿಗೋ ಕೈಯಾಡಿಸಿ ಬುದ್ಧಿ ಹೇಳಿರುತ್ತೀಯ, ಅದಕ್ಕೆ ಬಂದಿದೆ.

ಕನ್ನಡಿಯನ್ನು ಬಡಗಿಗೆ ಒಪ್ಪಿಸಿ ಬಂದವನೇ, ಪ್ಯಾಂಟಿನ ಸೊಂಟಕ್ಕೆ ಹಾಕುವ ಅಗಲ ಎಲಾಸ್ಟಿಕ್ ಕತ್ತರಿಸಿ, ಬ್ಯಾಂಡಿನ ಪರದೆಯಿರುವ ಬಿಲ್ಲೆ ಕೂರುವಷ್ಟು ಒಂದು ಜೇಬು ಹೊಲಿದು, ಕಣಕಾಲಿಗೆ ಹಾಕಿಕೊಂಡೆ. ಅಂಗಡಿಯ ಕುರ್ಚಿಯನ್ನು ವಾಕರ್ ಮಾಡಿಕೊಂಡು, ತಳ್ಳಿ ನಿಲ್ಲಿಸಿ, ನಿನ್ನ ಹಾಗೇ ಗೇಣು ಹೆಜ್ಜೆ ಇಟ್ಟು ಓಣಿಯಲ್ಲಿ ನಡೆದೆ. ಬಾಯಲ್ಲಿ ನೂರು ಎಣಿಸಿದರೆ ಅದು ತೊಂಬತ್ತೇಳು ಎಣಿಸಿತು. ಇನ್ನೊಂದು ಸಲ ತೊಂಬತ್ತೆಂಟು. ಬೀಗ ರಿಪೇರಿಯವನು ನಾನು ಸಾಮಾನು ಸಮೇತ ಊರು ಬಿಡುತ್ತಿದ್ದೇನೆ ಎಂದುಕೊಂಡನಂತೆ. ಒಂದು ಎಚ್ಚರಿಕೆ: ಬಿಚ್ಚುವುದನ್ನು ಮರೆತು ಹೊಲಿಗೆ ಮಿಷನ್ ತುಳಿದುಬಿಟ್ಟೆ, ಕಾಲು ಗಂಟೆಯಲ್ಲಿ ಪಕ್ಕದೂರು ಮುಟ್ಟಿದ್ದೆ. ಆದ್ದರಿಂದ ನಡೆಯುವಾಗ ಮಾತ್ರ ಕಟ್ಟು, ಕೂತು ಕಾಲು ಅಲ್ಲಾಡಿಸುವಾಗ ಬಿಚ್ಚಿಡು. ನಮಗೆ ಸುಳ್ಳು ಲೆಕ್ಕ ಬೇಡ. ಒಂದು ಸಲ ಆಗಿದ್ದು ಸಾಕು.

ಈಗ ಲಕೋಟೆಯಲ್ಲಿರುವ ಸಾಮಾನು ತೆಗೆ. ನೀಲಿ ಎಲಾಸ್ಟಿಕ್ಕು ನಿನ್ನ ಕಾಲಿಗೆ. ಅಳತೆ ಯಾರನ್ನೂ ಕೇಳಲಿಲ್ಲ, ನಿನ್ನ ಕಣಕಾಲಿನ ಸುತ್ತಳತೆ ನನಗೆ ಗೊತ್ತು. ಒಳಗಡೆ ಮೆತ್ತನೆಯ ಬಟ್ಟೆ ಹಾಕಿದ್ದೇನೆ, ಚುಚ್ಚುವುದಿಲ್ಲ. ಇನ್ನೊಂದು ನನ್ನ ಕತ್ತಿನ ಟೇಪು. ಅದನ್ನು ಅಲ್ಲಿ ನಿನ್ನನ್ನು ನಡೆಸುವ ವ್ಯಾಯಾಮದ ಮೇಡಂ ಕೈಗೆ ಕೊಡು. ನೀನು ವಾಕರ್ ಹಿಡಿದು ಇಪ್ಪತ್ತು ಹೆಜ್ಜೆ ನಡೆ, ಅವರು ಆ ದೂರ ಅಳೆದು ಇಪ್ಪತ್ತರಿಂದ ಭಾಗಿಸಲಿ, ಬಂದದ್ದನ್ನು ಮಗಳು ಫೋನಿನಲ್ಲಿ ಹಾಕಲಿ. ಅದರೊಳಗೆ ಈಗ ನಿನ್ನ ಎತ್ತರ ನೋಡಿ ಅರವತ್ತೈದು ಎಂದು ಬರೆದುಕೊಂಡಿರುತ್ತದೆ. ವಾಕರಿನ ಹೆಜ್ಜೆ ಅದರ ಅರ್ಧವೂ ಇರುವುದಿಲ್ಲ. ಹಾಗೇ ಬಿಟ್ಟರೆ ಇನ್ನೂರೈವತ್ತು ನಡೆದಾಗಲೇ ಐನೂರು ಎನ್ನುತ್ತದೆ, ಡಾಕ್ಟರು ಕಳಿಸಿಬಿಡುತ್ತಾರೆ, ನೀನು ಓಣಿಯ ಅರ್ಧಕ್ಕೆ ಬಂದು ನಿಂತುಬಿಡುತ್ತೀಯ. ಅದು ಬೇಡ. ನಾನು ನಿನ್ನನ್ನು ಎತ್ತಿಕೊಂಡು ಬರುವ ವಯಸ್ಸಿನಲ್ಲಿಲ್ಲ. ಮೇಡಂಗೆ ಒಂದು ಮಾತು ಒತ್ತಿ ಹೇಳು: ಮಾರ್ಜಿನ್ ಬಿಡಬಾರದು.

ಇವತ್ತು ಹದಿನಾಲ್ಕು. ಈ ಕಾಗದ ಹದಿನಾರಕ್ಕೆ ನಿನ್ನ ಕೈ ಸೇರಬೇಕು. ಹದಿನೇಳರಿಂದ ಇಪ್ಪತ್ತಮೂರು, ಲೆಕ್ಕಕ್ಕೆ ಏಳೇ ದಿನ. ಒಂದು ದಿನವೂ ಗೋಡೆಯ ಕಡೆಗೆ ತಿರುಗಿ ಮಲಗಲು ಪುರುಸೊತ್ತಿಲ್ಲ. ಮಗಳನ್ನು ಬೈಯಬೇಡ, ಪಾಪ, ಅವಳು ಬ್ಯಾಂಡು ಹೇಳಿದ್ದನ್ನು ನಂಬಿದಳು ಅಷ್ಟೇ. ಬೈಯಲೇಬೇಕೆಂದರೆ ನನ್ನನ್ನು ಬೈಯಿ, ಫೋನ್ ಮಾಡಿ ಬೈಯಿ, ನಾಲ್ಕು ಮಾತಲ್ಲಿ ಮುಗಿಸದೆ ಬಾಯಿ ತುಂಬ ಬೈಯಿ.

ನಿನಗೆ ನೆನಪಿದೆಯಾ, ನೀನು ಮೊದಲ ಸಲ ನನ್ನ ಅಂಗಡಿಗೆ ಜಗಳಕ್ಕೆ ಬಂದದ್ದು? ಎಕ್ಸ್‌ಚೇಂಜಿನ ಯೂನಿಫಾರ್ಮ್ ಕೋಟಿನ ತೋಳು ಒಂದಿಂಚು ಗಿಡ್ಡ. ನಾನು ಜಂಭದಲ್ಲಿ, ನಿಮ್ಮ ಕೈಯೇ ಸ್ವಲ್ಪ ಉದ್ದ ಎಂದೆ. "ಎರಡು ವಾರದಲ್ಲಿ ನನ್ನ ಕೈ ಬೆಳೆದಿಲ್ಲ ರೀ, ನಿಮ್ಮ ಟೇಪು ನೋಡ್ಕೊಳ್ಳಿ" ಎಂದು ನೀನು ಹತ್ತು ಗಿರಾಕಿಗಳ ಮುಂದೆ ಹೇಳಿ ಹೋದೆ. ಸಿಟ್ಟು ಬಂತು. ಅಂಗಡಿ ಮುಚ್ಚಿದ ಮೇಲೆ ನೋಡಿದೆ. ಅಳತೆ ತೆಗೆದದ್ದು ಕತ್ತಿನ ಟೇಪಿನಲ್ಲಿ, ಬಟ್ಟೆ ಕತ್ತರಿಸಿದ್ದು ಮೇಜಿನ ಮೇಲಿನ ಹಳೆಯ ಟೇಪಿನಲ್ಲಿ, ಅದರ ತುದಿಯ ಒಂದಿಂಚು ಯಾವಾಗಲೋ ಹರಿದುಹೋಗಿತ್ತು. ಮಾರನೆಯ ದಿನ ಎಕ್ಸ್‌ಚೇಂಜಿನ ಬಾಗಿಲಿಗೆ ಬಂದು ತಪ್ಪಾಯಿತು ಎಂದೆ. ತಪ್ಪಾಯಿತು ಅನ್ನುವ ಟೇಲರನ್ನು ನೋಡಿಯೇ ಇರಲಿಲ್ಲ, ಅದಕ್ಕೇ ಮದುವೆಗೆ ಒಪ್ಪಿದೆ ಎಂದು ನೀನು ಎಷ್ಟೋ ಸಲ ಹೇಳಿದ್ದೀಯ. ಅವತ್ತು ನಿನ್ನ ಕೈಯ ಮೇಲೆ ನಿನಗಿದ್ದ ನಂಬಿಕೆ ಇವತ್ತು ಕಾಲಿನ ಮೇಲೆ ಯಾಕಿಲ್ಲ?

ಓಣಿಯವರೆಲ್ಲ ನಿನ್ನನ್ನು ಕೇಳಿದ್ದಾರೆ. ಅರ್ಧಮೈಲಿ ಅಣ್ಣ ಈ ಲಕೋಟೆಯನ್ನು ತಾನೇ ಅಂಚೆಗೆ ಹಾಕುತ್ತೇನೆ ಎಂದು ಬಾಗಿಲಲ್ಲಿ ನಿಂತಿದ್ದಾನೆ. ಮಗಳಿಗೆ ನನ್ನ ಆಶೀರ್ವಾದ, ವ್ಯಾಯಾಮದ ಮೇಡಂಗೆ ನಮಸ್ಕಾರ. ನಿನ್ನ ಕಾಲಿಗೆ ಬಲ ಬರಲಿ, ನಿನ್ನ ಬೈಗುಳ ಬೇಗ ನನ್ನ ಕಿವಿಗೆ ಬೀಳಲಿ.

ನಿನ್ನ ದಾರಿ ಕಾಯುತ್ತಿರುವ,
ಮೋಟು ಟೇಪಿನ ಟೇಲರು

ಮರೆತದ್ದು: ಲಕೋಟೆ ಅಂಟಿಸುತ್ತಿದ್ದೆ, ನಿನ್ನ ವಾರ್ಡಿನ ಆಯಮ್ಮ ಫೋನ್ ಮಾಡಿದಳು, ತೆರೆದು ಮತ್ತೆ ಬರೆಯುತ್ತಿದ್ದೇನೆ. ನಿನ್ನೆ ನಾನು ಅವಳಿಗೊಂದು ಕೆಲಸ ಹಚ್ಚಿದ್ದೆ. ನೀನು ಸುತ್ತು ಹಾಕುತ್ತಿದ್ದ ಕಾರಿಡಾರಿನ ನೆಲದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಟೈಲ್ಸ್ ಇವೆ ಎಂದು ಎಣಿಸಿ ಹೇಳು ಎಂದಿದ್ದೆ. ನೆಲ ಒರೆಸುವಾಗ ಎಣಿಸಿದಳಂತೆ. ಮೂವತ್ತೆಂಟು. ಒಂದೊಂದು ಅರವತ್ತು ಸೆಂಟಿಮೀಟರ್. ಹೋಗಿ ಬಂದರೆ ನಲವತ್ತೈದು ಮೀಟರ್ ಅರವತ್ತು. ಹನ್ನೆರಡು ಸುತ್ತಿಗೆ ಐನೂರ ನಲವತ್ತೇಳು ಮೀಟರ್. ಮೂರು ಸಲ ಗುಣಿಸಿದೆ, ಅರ್ಧಮೈಲಿ ಅಣ್ಣನೂ ಗುಣಿಸಿದ, ಮಾರ್ಜಿನ್ ಸೇರಿಸಿಲ್ಲ. ಮನೆಗೆ ಐನೂರ ಹನ್ನೆರಡೇ ಕಣೇ! ಕೈಲಾಗಲ್ಲ ಎಂದು ಅತ್ತ ಆ ಮಂಗಳವಾರವೇ ನೀನು ಬಸ್ ಸ್ಟಾಪಿನಿಂದ ನಡೆದು, ನಮ್ಮ ಬಾಗಿಲು ದಾಟಿ, ಮೂವತ್ತೈದು ಮೀಟರ್ ಮುಂದೆ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಂತಿದ್ದೀಯ. ಸ್ವಲ್ಪ ಹಿಂದಕ್ಕೆ ಬಾ. ಬಾಗಿಲು ತೆಗೆದಿದೆ.